ಕುಂಚಕ್ಕೆ ಅನ್ನವಿತ್ತ ಕಾಯಕ

ವೇಲಚೇರಿಯಿಂದ ಪೂರ್ವಕ್ಕೆ ಹೊರಟು, ಕಡಲ ಪಕ್ಕದ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ದಕ್ಷಿಣಕ್ಕೆ ತಿರುಗಿದರೆ, ಈಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಸಿಗುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬ ಕನ್ನಡಿಗರೂ ಇದ್ದರೆಂಬುದನ್ನು ಚೆನ್ನೈವಾಸಿಗಳಾದ ನಾವು ನೆನೆಯುವುದು ಅಪರೂಪ. ಅವರು 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್.

1960ರ ದಶಕದಲ್ಲಿ ಅವರು ಮದ್ರಾಸಿನ ಸರ್ಕಾರಿ ಕಲಾಶಾಲೆಯ ವಿದ್ಯಾರ್ಥಿ; ಕೆ. ಸಿ. ಎಸ್. ಪಣಿಕ್ಕರ್ ಅಲ್ಲಿನ ಪ್ರಾಂಶುಪಾಲರು. ಆಗ ಚಿತ್ರ ಕೊಳ್ಳುವವರು ವಿರಳ. ಹೊಟ್ಟೆಪಾಡಿಗೆ ನೌಕರಿ ಹಿಡಿದರೆ ಕುಂಚಕ್ಕೆ ಉಳಿಯುವುದು ಭಾನುವಾರ ಮಾತ್ರ. ಪಣಿಕ್ಕರ್ ಮತ್ತು ಶಿಷ್ಯರು ಕಂಡುಕೊಂಡ ದಾರಿ ಕರಕುಶಲದ್ದು. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದುವ ಬಾಟಿಕ್ ಅವರ ಜೀವನೋಪಾಯವಾಯಿತು. ಆ ಗಳಿಕೆಯ ಬಲದಿಂದಲೇ 1966ರಲ್ಲಿ ಗ್ರಾಮ ತಲೆಯೆತ್ತಿತು.

ಈ ನಿತ್ಯದ ದುಡಿಮೆ ಕಲೆಗೆ ಅಡ್ಡಿಯಾಗಲಿಲ್ಲ. ಪೆನ್ಸಿಲಿನ ಗೆರೆಯನ್ನು ಅಳಿಸಬಹುದು; ಬಟ್ಟೆಗಿಳಿದ ಮೇಣವನ್ನು ಹಿಂದೆಗೆಯುವುದು ಸುಲಭವಲ್ಲ. ದಿನದಿನವೂ ಹಾಗೆ ದುಡಿದ ಕೈಗೆ ಗೆರೆಯ ನಿಶ್ಚಯ ತಾನಾಗಿ ಒಲಿಯುತ್ತದೆ. ವಾಸುದೇವ್ ತಾಮ್ರದ ತಗಡಿನಲ್ಲೂ ಉಬ್ಬುಚಿತ್ರಗಳನ್ನು ಮೂಡಿಸಿದರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಕಲಾ ನಿರ್ದೇಶಕರಾದಾಗ ಅಗ್ರಹಾರದ ದಿನಬಳಕೆಯ ಬದುಕೇ ಅವರ ವಸ್ತುವಾಯಿತು. ಬೇಂದ್ರೆಯವರ ಕಾವ್ಯದ ಪ್ರೇರಣೆಯಿಂದ ‘ವೃಕ್ಷ’ ಚಿತ್ರಮಾಲೆ ಹುಟ್ಟಿತು, ಎ. ಕೆ. ರಾಮಾನುಜನ್ ಅವರ ಕವಿತೆಗಳಿಗೂ ಅವರು ರೇಖೆಗಳನ್ನು ಬರೆದರು.

ಊರು ಬಿಟ್ಟು ಬಂದ ನಮಗೂ ಹೊಟ್ಟೆಪಾಡು ಒಂದು ಕಡೆ, ಕನ್ನಡ ಇನ್ನೊಂದು ಕಡೆ. ಎರಡನ್ನೂ ಒಂದೇ ಕೈ ನಿರ್ವಹಿಸಬಲ್ಲದೆಂಬುದಕ್ಕೆ ಸಾಕ್ಷಿ ಇಲ್ಲೇ, ನಮ್ಮ ನೆರೆಯ ಕಡಲ ದಂಡೆಯಲ್ಲಿದೆ.