0.401 ದೊಡ್ಡದೋ, 0.301 ದೊಡ್ಡದೋ?

ಬ್ರಾಡ್‌ಮನ್ ದೊಡ್ಡವನೋ ಸಚಿನ್ ದೊಡ್ಡವನೋ ಅನ್ನೋ ಜಗಳ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಶುರುವಾದರೆ ಕಾಫಿ ಆರಿದರೂ ಮುಗಿಯುವುದಿಲ್ಲ. ಬೇಸ್‌ಬಾಲ್ ಹುಚ್ಚಿನ ಅಮೆರಿಕನ್ನರದ್ದೂ ಇದೇ ಪಾಡು. ಈಚೆಗೆ ಅವರ ಹಳೆಯ ಅಂಕಿ-ಅಂಶಗಳ ಗೀಳು ನನಗೂ ಅಂಟಿಕೊಂಡಿದೆ.

ಈ ಲೆಕ್ಕ ನೋಡಿ. 1930ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಬಿಲ್ ಟೆರ್ರಿಯ ಸರಾಸರಿ 0.401. ಅಂದರೆ ಹತ್ತು ಅವಕಾಶಕ್ಕೆ ನಾಲ್ಕು ಹಿಟ್. 1968ರಲ್ಲಿ ಬಾಸ್ಟನ್ನಿನ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಬರೀ 0.301 ಇಟ್ಟುಕೊಂಡು ಇಡೀ ಅಮೆರಿಕನ್ ಲೀಗಿಗೇ ಮೊದಲಿಗನಾದ. ಹಾಗಾದರೆ ಟೆರ್ರಿಯೇ ದೊಡ್ಡವನಾ? ಸ್ವಲ್ಪ ತಾಳಿ.

1930ರಲ್ಲಿ ಟೆರ್ರಿ ಆಡಿದ ನ್ಯಾಷನಲ್ ಲೀಗಿನ ಒಟ್ಟು ಸರಾಸರಿಯೇ 0.303! ಎಲ್ಲರೂ ಬಾರಿಸಿದ ವರ್ಷ ಅದು. 1968 ಪಿಚರ್‌ಗಳ ವರ್ಷ. ಅಮೆರಿಕನ್ ಲೀಗಿನ ಸರಾಸರಿ 0.230ಕ್ಕೆ ಕುಸಿದಿತ್ತು. ಕೊನೆಗೆ ಪಿಚರ್ ನಿಲ್ಲುವ ದಿಬ್ಬವನ್ನೇ 1969ರಲ್ಲಿ 15 ಇಂಚಿನಿಂದ 10 ಇಂಚಿಗೆ ತಗ್ಗಿಸಬೇಕಾಯಿತು. ಈಗ ಇಬ್ಬರ ಸರಾಸರಿಯನ್ನೂ ಅವರವರ ಲೀಗಿನ ಸರಾಸರಿಯಿಂದ ಭಾಗಿಸಿ. ಟೆರ್ರಿ 1.32, ಯಾಸ್ಟ್ರೆಮ್‌ಸ್ಕಿ 1.31. ಹೆಚ್ಚುಕಡಿಮೆ ಸಮಬಲ!

ಎಲ್ಲಾ ಕಾಲದವರನ್ನೂ ಹೀಗೇ ತೂಗಬಹುದಲ್ಲ ಅಂತ ಖುಷಿಯಾಗಿ ಕೂತಿದ್ದೆ. ಆಗ ಜಾಷ್ ಗಿಬ್ಸನ್ ಎದುರಾದ. ಕಪ್ಪು ಜನಾಂಗದವನಾದ್ದರಿಂದ ಟೆರ್ರಿಯ ಲೀಗಿನಲ್ಲಿ ಇವನಿಗೆ ಪ್ರವೇಶವೇ ಇರಲಿಲ್ಲ. ನೀಗ್ರೋ ಲೀಗುಗಳಲ್ಲೇ ಆಡಿ, 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡ. ಅದೇ ಏಪ್ರಿಲ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಜಾಕಿ ರಾಬಿನ್ಸನ್ ಕಣಕ್ಕಿಳಿದು ಆ ಬೇಲಿ ಮುರಿದ. ಮೂರೇ ತಿಂಗಳ ಅಂತರ...

2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೋ ಲೀಗುಗಳ ಲೆಕ್ಕವನ್ನೂ ತನ್ನ ದಾಖಲೆಗೆ ಸೇರಿಸಿತು. ಗಿಬ್ಸನ್ನನ ಜೀವಮಾನದ ಸರಾಸರಿ 0.372. ಟೈ ಕಾಬ್‌ನನ್ನು ಹಿಂದಿಕ್ಕಿ ಪಟ್ಟಿಯ ತುದಿಗೇ ಏರಿದ. ಅವರ ಪಂದ್ಯಗಳು ಕಡಿಮೆ, ಹೋಲಿಕೆ ಸರಿಯಲ್ಲ ಅಂತ ಕೆಲವರ ತಕರಾರು. ಪಂದ್ಯ ಕಡಿಮೆ ಅನ್ನೋದು ನಿಜ. ಆದರೆ ಟೆರ್ರಿಯ ಅಂಕಿಯೂ ಪೂರ್ತಿ ಅಲ್ಲವಲ್ಲ? ಸ್ಯಾಚೆಲ್ ಪೇಜ್‌ನಂಥ ಪಿಚರ್‌ನನ್ನು ಅವನು ಲೀಗ್ ಪಂದ್ಯದಲ್ಲಿ ಒಮ್ಮೆಯೂ ಎದುರಿಸಲಿಲ್ಲ. ಎದುರಿಸುವಂತೆಯೇ ಇರಲಿಲ್ಲ.

ದಿಬ್ಬದ ಎತ್ತರವನ್ನು ಭಾಗಾಕಾರದಿಂದ ಸರಿಪಡಿಸಬಹುದು. ಆಡಲಿಕ್ಕೇ ಬಿಡದವರನ್ನು ಯಾವ ಸೂತ್ರಕ್ಕೆ ಸೇರಿಸೋದು? ನನ್ನ ಎಕ್ಸೆಲ್ ಶೀಟಿನಲ್ಲಿ ಗಿಬ್ಸನ್ನನ ಸಾಲು ಇನ್ನೂ ಅರ್ಧಕ್ಕೇ ನಿಂತಿದೆ. ನಿಮಗೇನಾದರೂ ದಾರಿ ಹೊಳೆದರೆ ತಿಳಿಸಿ.