ಎಲ್ಲ ಬ್ಯಾಂಕಿಗೂ ಒಂದೇ ಕ್ಯೂಆರ್ ಕೋಡ್

ಕಾರ್ಡಿನ ಮೂಲಕ ಹಣ ಪಡೆಯುವ ಸಣ್ಣ ವ್ಯಾಪಾರಿಗೆ ಎರಡು ವೆಚ್ಚಗಳಿದ್ದವು: ಯಂತ್ರದ ಬಾಡಿಗೆ ಮತ್ತು ಪ್ರತಿ ಮಾರಾಟದ ಮೇಲೆ ಬ್ಯಾಂಕಿನ ಕಡಿತ. ಡೆಬಿಟ್ ಕಾರ್ಡಿನಲ್ಲಿ 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಈ ಕಡಿತ ಶೇ. 0.75 ಮೀರಬಾರದೆಂದು 2012ರಲ್ಲಿ ರಿಸರ್ವ್ ಬ್ಯಾಂಕ್ ಮಿತಿ ಹಾಕಿತು. ಅಲ್ಪ ಲಾಭದ ತರಕಾರಿ ವ್ಯಾಪಾರಕ್ಕೆ ಅದೂ ಹೊರೆಯೇ.

ಬಳಿಕ ಬಂದ ಮೊಬೈಲ್ ವ್ಯಾಲೆಟ್‌ಗಳಿಗೆ ಯಂತ್ರ ಬೇಕಿರಲಿಲ್ಲ. ಆದರೆ ಒಂದು ಕಂಪನಿಯ ವ್ಯಾಲೆಟ್‌ನಿಂದ ಇನ್ನೊಂದಕ್ಕೆ ಹಣ ಹೋಗುತ್ತಿರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಕಂಪನಿಗೊಂದು ಸ್ಟಿಕ್ಕರ್ ಅಂಟಿಸಬೇಕಾಗಿತ್ತು.

2016ರ ಏಪ್ರಿಲ್‌ನಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಆರಂಭಿಸಿದ ಯುಪಿಐ, ಬ್ಯಾಂಕುಗಳ ನಡುವೆ ಒಂದೇ ಮಾನದಂಡ ತಂದಿತು. ಯಾವ ಆ್ಯಪ್‌ನಿಂದಲಾದರೂ ಒಂದೇ ಕೋಡ್‌ಗೆ ಹಣ ಕಳುಹಿಸುವುದು ಸಾಧ್ಯವಾಯಿತು. 2020ರ ಜನವರಿ 1ರಿಂದ ಯುಪಿಐ ಮೇಲಿನ ಕಡಿತವೂ ರದ್ದಾಯಿತು. ಅದೇ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಕಂಪನಿಗಳು ತಮ್ಮದಷ್ಟೇ ಆದ ಹೊಸ ಕೋಡ್ ತರುವುದನ್ನು ನಿಷೇಧಿಸಿತು.

ವ್ಯವಸ್ಥೆ ನಡೆಸುವ ವೆಚ್ಚವಂತೂ ಉಳಿಯಿತು. ಸಣ್ಣ ವ್ಯಾಪಾರಿಗಳ ಪಾವತಿಗಳಿಗಾಗಿ 2024-25ರಲ್ಲಿ ಕೇಂದ್ರ ಸರ್ಕಾರ ಸುಮಾರು 1,500 ಕೋಟಿ ರೂ. ಪ್ರೋತ್ಸಾಹಧನಕ್ಕೆ ಒಪ್ಪಿಗೆ ನೀಡಿತು. ವ್ಯಾಪಾರಿಗೆ ಮಾತ್ರ ಹೊಸ ಚಿಂತೆ ಎದುರಾಯಿತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಆಧರಿಸಿ ಜಿಎಸ್‌ಟಿ ನೋಟಿಸ್‌ಗಳು ಬಂದಾಗ ಬೆಂಗಳೂರಿನ ಹಲವು ಅಂಗಡಿಗಳು ‘ನಗದು ಮಾತ್ರ’ ಎಂಬ ಫಲಕ ತೂಗುಹಾಕಿದವು. ಖರ್ಚು ಉಳಿಸಿದ ಪದ್ಧತಿಯೇ ವಹಿವಾಟಿನ ಲೆಕ್ಕವನ್ನೂ ತೆರೆದಿಟ್ಟಿತ್ತು.