ಕಾಯದ ಮಿತವ್ಯಯ

ಅರಸೀಕೆರೆಯ ಪೇಟೆಗೆ ಅನತಿದೂರದಲ್ಲಿ, ತೆಂಗಿನ ತೋಟಗಳ ಹಸುರಿನಾಚೆ ಬಂಡೆಗಳನ್ನು ಹೊತ್ತು ನಿಂತಿರುವ ಮಾಲೇಕಲ್ಲು ಬೆಟ್ಟವನ್ನು ಸುತ್ತಣ ಹಳ್ಳಿಗಳ ಜನ ತಮ್ಮ ತಿರುಪತಿಯೆಂದೇ ಭಾವಿಸಿ ಬಂದಿದ್ದಾರೆ. ಬೇಲೂರಿನಲ್ಲಿಯೂ ಹಳೇಬೀಡಿನಲ್ಲಿಯೂ ಅರಸೀಕೆರೆಯ ಈಶ್ವರಾಲಯದಲ್ಲಿಯೂ ಹೊಯ್ಸಳರ ಶಿಲ್ಪಿಗಳು ಕಲ್ಲಿನಲ್ಲಿ ತೆಗೆದ ಕುಸುರಿಯನ್ನು ಇಲ್ಲಿ ಅರಸುವವನಿಗೆ ನಿರಾಶೆಯಾದೀತು. ಇಲ್ಲಿಯ ಮಹಿಮೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳದು, ಆಷಾಢದ ಜಾತ್ರೆಯದು, ವೆಂಕಟರಮಣನ ಒಕ್ಕಲಿನವರು ಶನಿವಾರ ಶನಿವಾರ ಆಚರಿಸುವ ಒಪ್ಪತ್ತಿನದು. ಈ ಸೀಮೆಯವರು ತಮ್ಮ ಹೊಟ್ಟೆಯೊಡನೆ ತಲೆಮಾರುಗಳಿಂದ ನಡೆಸಿಕೊಂಡು ಬಂದ ವ್ಯವಹಾರಕ್ಕೆ ಒಂದು ಚರಿತ್ರೆಯುಂಟು. ಬೊಜ್ಜಿನ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೆಲವು ತಿಂಗಳು ಸರಸರನೆ ಇಳಿದ ತೂಕ ಆಮೇಲೆ ನಿಂತಲ್ಲಿಯೇ ನಿಂತಿತೆಂದು ಕಂಗೆಡುತ್ತಿರುವ ಇಂದಿನವರಿಗೆ, ಆ ಚರಿತ್ರೆ ತಿಳಿಸಿಕೊಡಬಲ್ಲ ಸಂಗತಿಗಳು ಕೆಲವಿವೆ.

ಸಕಲೇಶಪುರದ ಘಟ್ಟದಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಬೇಲೂರನ್ನು ದಾಟುವಷ್ಟರಲ್ಲಿ ಬಡವಾಗಿ, ಅರಸೀಕೆರೆಯ ಬಯಲನ್ನು ಮುಟ್ಟುವಾಗ ಎಷ್ಟೋ ವರ್ಷ ಬರಿಯ ಮೋಡದ ನೆರಳಾಗಿ ಹಾದುಹೋಗುವುದುಂಟು. ಇಂಥ ನೆಲದಲ್ಲಿ ಬಾಳಿದ ಒಕ್ಕಲಿಗನು ಒಳ್ಳೆಯ ಬೆಳೆ ಕೈಗೆ ಬಂದ ವರ್ಷ ರಾಗಿಯನ್ನು ನೆಲದೊಳಗಣ ಹಗೇವಿಗೆ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಬರಲಿರುವ ದುರ್ಭಿಕ್ಷಕ್ಕೆಂದು ಕಾಯ್ದಿಡುತ್ತಿದ್ದನು. ಹುಳು ಹಿಡಿಯದೆ ವರ್ಷಾನುವರ್ಷ ಬಾಳುವುದು ರಾಗಿಯ ಗುಣ. ಅಂಥ ಕಾಲ ಬಂದಾಗ ಹಗೇವಿನ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಅಳೆದು ಅಳೆದು ಕಾಳು ತೆಗೆಯುತ್ತಿದ್ದರು. ಕಾಳಿನ ಮಟ್ಟ ತಗ್ಗಿದಷ್ಟೂ ಮನೆಯೊಡತಿಯ ಕೈ ಬಿಗಿಯಾಗುತ್ತಿತ್ತು: ಎರಡು ಮುದ್ದೆ ಒಂದಾಗುವುದು, ಮುದ್ದೆಯಿದ್ದ ಹೊತ್ತಿಗೆ ಅಂಬಲಿ ಬರುವುದು, ಕೂಲಿ ಕರೆಯುವುದು ನಿಲ್ಲುವುದು, ಮದುವೆ ಮುಂದಕ್ಕೆ ಹೋಗುವುದು.

ಆದರೆ 1876ರಿಂದ 78ರವರೆಗೆ ಹಬ್ಬಿದ ಮಹಾಕ್ಷಾಮದಲ್ಲಿ ಹಗೇವುಗಳೂ ಬರಿದಾದವು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದುದನ್ನು ನೋಡಿದರೆ, ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಸ್ಥಾನ ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತೆಂಬ ಘೋರ ಸತ್ಯ ಅರಿವಾಗುತ್ತದೆ. ಉಳಿದವರು ಉಳಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಆಹಾರ ಕುಗ್ಗಿದೊಡನೆ ತನ್ನ ಖರ್ಚನ್ನೂ ಕುಗ್ಗಿಸಿಕೊಳ್ಳಬಲ್ಲ ಮಾನವದೇಹದ ಸ್ವಭಾವ. ಕೊಬ್ಬೆಂಬುದು ದೇಹ ತನಗಾಗಿ ತೋಡಿಕೊಂಡ ಹಗೇವು. ಅದರ ಮಟ್ಟ ತಗ್ಗುವುದನ್ನು ಕಂಡ ದೇಹ, ಯಜಮಾನನು ತೂಕ ಇಳಿಸುವ ಸಂಕಲ್ಪದಿಂದ ಉಣ್ಣುತ್ತಿಲ್ಲವೋ ಮಳೆ ಬಾರದೆ ಉಣ್ಣುತ್ತಿಲ್ಲವೋ ಎಂದು ವಿಚಾರಿಸುವ ಗೋಜಿಗೆ ಹೋಗದೆ, ಕೈ ಬಿಗಿ ಹಿಡಿಯುತ್ತದೆ.

ಹೊಟ್ಟೆಯನ್ನು ಹತೋಟಿಯಲ್ಲಿಡುವ ಆಚರಣೆಗಳೂ ಈ ಸೀಮೆಗೆ ಹೊಸವಲ್ಲ. ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸ, ಬರಿಗಾಲಿನಲ್ಲಿ ಬೆಟ್ಟ ಹತ್ತುವ ಹರಕೆ, ಇವುಗಳ ಉದ್ದೇಶ ಪುಣ್ಯಸಂಪಾದನೆಯಾಗಿತ್ತೇ ಹೊರತು ದೇಹಭಾರದ ನಿವಾರಣೆಯಲ್ಲ. ಮಧ್ಯಾಹ್ನದ ಅನ್ನವನ್ನು ಬಿಟ್ಟ ವ್ರತಸ್ಥನು ಸಂಜೆ ಫಲಾಹಾರದ ಹೆಸರಿನಲ್ಲಿ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣಿನ ರಸಾಯನಗಳನ್ನು ಯಥೇಷ್ಟವಾಗಿ ಸ್ವೀಕರಿಸಿ, ಬಿಟ್ಟದ್ದಕ್ಕಿಂತ ಹೆಚ್ಚನ್ನು ಪಡೆಯುತ್ತಿದ್ದುದೂ ಉಂಟು. ದೇವರು ಅದನ್ನು ಮನ್ನಿಸಿದನೆಂದೇ ನಂಬೋಣ.

ದೇಹಭಾರವನ್ನೇ ಕುರಿತು ಯೋಚಿಸಿದವರು ವೈದ್ಯರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನನ್ನೂ ಅತಿಕೃಶನನ್ನೂ ಎದುರುಬದುರು ನಿಲ್ಲಿಸಿ, ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಕಷ್ಟತರವೆಂದು ತೀರ್ಮಾನಿಸುತ್ತದೆ. ಮೇದಸ್ಸಿನಿಂದ ಮಾರ್ಗ ಕಟ್ಟಿದ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಜಠರಾಗ್ನಿಯನ್ನು ಉರಿಸುವುದರಿಂದ ಅವನಿಗೆ ಹಸಿವು ಹೆಚ್ಚೆಂದು ಅದರ ವಿವರಣೆ. ಸ್ಥೂಲನಿಗೆ ಅಲ್ಲಿ ವಿಧಿಸಿರುವ ಧಾನ್ಯಗಳ ಪಟ್ಟಿಯನ್ನು ಓದಿದಾಗ ಅರಸೀಕೆರೆಯ ಹಳೆಯ ಹೊಲವೊಂದರ ಬದುವಿನ ಮೇಲೆ ನಿಂತಂತಾಗುತ್ತದೆ: ನವಣೆ, ಸಾಮೆ, ಹಾರಕ, ಹೆಸರು, ಹುರುಳಿ, ತೊಗರಿ. ಇದಕ್ಕಿಂತಲೂ ಗಮನಾರ್ಹವಾದ ಮಾತು ಬೇರೊಂದಿದೆ. ಜಾಗರಣೆ, ವ್ಯಾಯಾಮ, ಚಿಂತನೆ ಮೊದಲಾದುವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ಅಲ್ಲಿ ವಿಧಿಯಿದೆ. ಸ್ಥೌಲ್ಯ ಒಂದೇ ನೆಗೆತಕ್ಕೆ ಹೋಗತಕ್ಕದ್ದಲ್ಲವೆಂಬುದನ್ನು ಪ್ರಾಚೀನರು ಅರಿತಿದ್ದರು. ಅವರ ಜಾಗರಣೆಯ ಸಲಹೆಯನ್ನು ಇಂದಿನ ವೈದ್ಯ ಒಪ್ಪಲಾರನು, ಏಕೆಂದರೆ ನಿದ್ರೆ ಕೆಟ್ಟರೆ ಹಸಿವು ಹೆಚ್ಚುತ್ತದೆಂಬುದು ಈಗ ತಿಳಿದ ವಿಷಯ; ಕ್ರಮದ ಸಲಹೆ ಮಾತ್ರ ಹಾಗೆಯೇ ನಿಂತಿದೆ.

ಶಸ್ತ್ರದ ಮಾರ್ಗ ತೆರೆದುದು ದೂರದ ಅಮೆರಿಕದಲ್ಲಿ. 1954ರಲ್ಲಿ ಮಿನೆಸೋಟಾದ ಕ್ರೆಮನ್ ಮತ್ತು ಲಿನರ್ ಎಂಬ ವೈದ್ಯರು ಸಣ್ಣಕರುಳಿನ ಬಹುಭಾಗವನ್ನು ಅನ್ನ ಬಳಸಿಹೋಗುವಂತೆ ಮಾಡುವ ಕ್ರಮವನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಯಕೃತ್ತು ಕೆಡುವುದೂ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದೂ ಕಂಡುಬಂದು ಆ ಕ್ರಮ ಕಾಲಾಂತರದಲ್ಲಿ ಬಿದ್ದುಹೋಯಿತು. ಹುಣ್ಣಿಗಾಗಿ ಜಠರದ ಭಾಗವನ್ನು ಕಳೆದುಕೊಂಡ ಸ್ತ್ರೀಯರು ಕೃಶರಾಗಿಯೇ ಉಳಿಯುವುದನ್ನು ಗಮನಿಸಿದ ಐಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರದ ಬೈಪಾಸನ್ನು ಆರಂಭಿಸಿದನು. 1994ರ ವೇಳೆಗೆ ಅದು ಚಿಕ್ಕ ರಂಧ್ರಗಳ ಮೂಲಕವೇ ಸಾಧ್ಯವಾಯಿತು; ಅನಂತರ ಜಠರದ ಮುಕ್ಕಾಲಿನಷ್ಟನ್ನು ತೆಗೆದು ಕಿರಿದಾದ ಕೊಳವೆಯನ್ನಷ್ಟೇ ಉಳಿಸುವ ಸ್ಲೀವ್ ಕ್ರಮ ಬಂದು ನಮ್ಮ ದೇಶದಲ್ಲಿಯೂ ಹರಡಿತು. ಹಗೇವುಗಳು ಮುಚ್ಚಿಹೋಗಿ, ಕಿರುಧಾನ್ಯದ ಜಾಗಕ್ಕೆ ಅಕ್ಕಿಯೂ ಸಕ್ಕರೆಯೂ ಬಂದು, ಸಂತೆಗೆ ನಡೆದು ಹೋಗುತ್ತಿದ್ದವರು ಬೈಕಿನಲ್ಲಿ ಹೋಗತೊಡಗಿದ ಈ ಬಯಲುಸೀಮೆಯಲ್ಲಿಯೂ ಬೆಂಗಳೂರಿನ ಆಸ್ಪತ್ರೆಗಳ ಮಾತು ಮನೆಮಾತಾಗುತ್ತಿದೆ.

ಶಸ್ತ್ರಚಿಕಿತ್ಸೆಗೆ ಹತ್ತು ವರ್ಷ ಮೊದಲೇ, ಅದೇ ಮಿನೆಸೋಟಾದಲ್ಲಿ, ದೇಹದ ಮಿತವ್ಯಯಕ್ಕೆ ಪ್ರಬಲವಾದ ಸಾಕ್ಷ್ಯ ದೊರೆತಿತ್ತು. ಯುದ್ಧಪೀಡಿತ ಯೂರೋಪಿನ ಹಸಿದವರನ್ನು ಚೇತರಿಸುವ ವಿಧಾನ ತಿಳಿಯಲೆಂದು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, 1944ರ ಕೊನೆಯಲ್ಲಿ ಆರಂಭಿಸಿ, 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇರಿಸಿದನು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ವಿಶ್ರಾಂತಿಯಲ್ಲಿ ದೇಹ ಮಾಡುವ ಖರ್ಚು ಅದಕ್ಕೂ ಹೆಚ್ಚಾಗಿ, ಸುಮಾರು ಶೇ. 40ರಷ್ಟು ಕುಗ್ಗಿತು. ಇಳಿತದ ರೇಖೆ ಕೊನೆಗೆ ಬಹುಮಟ್ಟಿಗೆ ಸಮತಟ್ಟಾಯಿತು. 1995ರಲ್ಲಿ ಲೀಬೆಲ್ ಮತ್ತು ಸಂಗಡಿಗರು, ತೂಕದ ಹತ್ತನೆಯ ಒಂದು ಭಾಗ ಇಳಿದವನ ದೇಹವು ಆ ಇಳಿತ ಬಯಸುವುದಕ್ಕಿಂತಲೂ ಹೆಚ್ಚಾಗಿ ಖರ್ಚನ್ನು ತಗ್ಗಿಸುತ್ತದೆಂದು ತೋರಿಸಿದರು. ಹಸಿವನ್ನು ಪ್ರೇರಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದ ಮೇಲೆ, ಪಥ್ಯದಿಂದ ಇಳಿದವರಲ್ಲಿ ಅದು ಏರುವುದೂ ಬೈಪಾಸ್ ಆದವರಲ್ಲಿ ತಗ್ಗಿಯೇ ಇರುವುದೂ 2002ರಲ್ಲಿ ವರದಿಯಾಯಿತು. ಶಸ್ತ್ರವು ಹಸಿವಿನ ಕೂಗನ್ನು ಬಹುಮಟ್ಟಿಗೆ ಅಡಗಿಸುತ್ತದೆ. ಖರ್ಚಿನ ಬಿಗಿಯನ್ನು ಪೂರ್ಣವಾಗಿ ಸಡಿಲಿಸಲಾರದು. ಆದ್ದರಿಂದ ಶಸ್ತ್ರಕ್ಕೆ ಒಳಗಾದವರಲ್ಲಿ ನಿಲುಗಡೆ ಬಾರದೆ ಇರುವುದಿಲ್ಲ, ಕೇವಲ ಪಥ್ಯದವರಿಗಿಂತ ಬಹಳ ಕೆಳಗಿನ ಮೆಟ್ಟಿಲಿನಲ್ಲಿ ಬರುತ್ತದೆ.

ಮೊದಲ ನಿಲುಗಡೆ ಹಲವರಿಗೆ ಎರಡು ಮೂರು ವಾರದಲ್ಲಿಯೇ ಕಾಣಿಸುತ್ತದೆ. ಆರಂಭದಲ್ಲಿ ಇಳಿಯುವುದರಲ್ಲಿ ದೇಹ ಕೂಡಿಟ್ಟ ಗ್ಲೈಕೋಜನ್ನೂ ಅದರೊಡನೆ ಬೆರೆತ ನೀರೂ ಬಹುಪಾಲು. ಆ ಲೆಕ್ಕ ಮುಗಿದು ಕೊಬ್ಬು ಕರಗುವ ನಿಧಾನದ ಲೆಕ್ಕ ತೊಡಗುವಾಗ ಮುಳ್ಳು ನಿಂತಂತೆ ತೋರುತ್ತದೆ. ಆರು ತಿಂಗಳ ಅನಂತರ ಇಳಿತ ಮಂದವಾಗಿ, ಒಂದು ಒಂದೂವರೆ ವರ್ಷದ ಸುಮಾರಿಗೆ ತೂಕ ತನ್ನ ನೆಲೆಯನ್ನು ಮುಟ್ಟುತ್ತದೆ. ಈ ಹೊತ್ತಿನಲ್ಲಿ ಮದುವೆಮನೆಯಲ್ಲಿ ಎದುರಾದ ಚಿಕ್ಕಮ್ಮನೋ ಸೋದರಮಾವನೋ “ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡಿಸ್ಕೊಂಡೂ ಇಷ್ಟೇನಾ?” ಎಂದರೆ, ಕೇಳಿದವರು ಮನೆಗೆ ಬಂದು ಉಳಿದಿದ್ದ ಊಟವನ್ನೂ ಬಿಡುವುದುಂಟು. ಅದು ಕೂಡದು. ಇನ್ನಷ್ಟು ಬಿಟ್ಟರೆ ಕೊಬ್ಬಿನೊಡನೆ ಮಾಂಸಖಂಡವೂ ಸವೆಯುತ್ತದೆ. ಮಾಂಸಖಂಡ ಸವೆದಷ್ಟೂ ದೇಹದ ಖರ್ಚು ಮತ್ತಷ್ಟು ತಗ್ಗುತ್ತದೆ.

ಮಾಡತಕ್ಕ ಕೆಲಸ ಬಹುಪಾಲು ಅಡಿಗೆಮನೆಯಲ್ಲಿದೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಈ ಸೀಮೆಯ ಊಟದ ಶಿಷ್ಟಾಚಾರ. ಕಿರಿದಾದ ಜಠರಕ್ಕೆ ಅದು ಸಲ್ಲದು. ನೂರು ಗ್ರಾಂ ರಾಗಿಯಲ್ಲಿ ಏಳು ಗ್ರಾಮಿನಷ್ಟಿರುವ ಪ್ರೋಟೀನು ಅಷ್ಟೇ ಹುರುಳಿಯಲ್ಲಿ ಇಪ್ಪತ್ತನ್ನು ಮೀರುವುದರಿಂದ, ಕಾಳು, ಮೊಟ್ಟೆ, ಮೊಸರುಗಳಿಗೆ ಮೊದಲ ತುತ್ತು, ಮುದ್ದೆಗೆ ಕೊನೆಯದು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಾಗದಂತೆ ಪ್ರೋಟೀನು ಸಲ್ಲಬೇಕೆಂದು ವೈದ್ಯರು ಹೇಳುತ್ತಾರೆ. ಮಜ್ಜಿಗೆಯೂ ನೀರೂ ಊಟದೊಡನೆ ಬೇಡ, ಅರ್ಧ ಗಂಟೆ ಬಿಟ್ಟು. ಚಕ್ಕುಲಿ, ಕೊಬ್ಬರಿಮಿಠಾಯಿ, ಸಕ್ಕರೆಯ ಕಾಫಿಗಳು ಸ್ವಲ್ಪಸ್ವಲ್ಪವಾಗಿ ದಿನವಿಡೀ ಒಳಗೆ ಜಾರಬಲ್ಲವಾದ್ದರಿಂದ, ಹಳೆಯ ಫಲಾಹಾರದ ಲೆಕ್ಕ ಇಲ್ಲಿಯೂ ಕಾಡೀತು. ಬಿ12, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ತ್ವಗಳನ್ನು ಜೀವಮಾನಪರ್ಯಂತ ಬಿಡಬಾರದು. ವೈದ್ಯರ ಒಪ್ಪಿಗೆ ಪಡೆದು ಭಾರ ಎತ್ತುವ, ಮೆಟ್ಟಿಲು ಹತ್ತುವ ಅಭ್ಯಾಸವನ್ನು ಚರಕನ ಕ್ರಮದಲ್ಲಿಯೇ ಬೆಳೆಸಿಕೊಳ್ಳಬೇಕು. ತಕ್ಕಡಿಯನ್ನು ವಾರಕ್ಕೊಮ್ಮೆ ಹತ್ತಿದರೆ ಸಾಕು, ನಡುವಿನ ಸುತ್ತಳತೆಯನ್ನೂ ಬರೆದಿಡುವುದು ಮೇಲು. ವಾಂತಿ ನಿಲ್ಲದಿದ್ದರೆ, ನೋವು ಕಾಣಿಸಿದರೆ, ತೂಕ ಮರಳಿ ಏರತೊಡಗಿದರೆ ಮಾತ್ರ ತಡಮಾಡದೆ ಶಸ್ತ್ರವೈದ್ಯರಲ್ಲಿಗೆ ಹೋಗತಕ್ಕದ್ದು.

ನಿಂತ ತೂಕವನ್ನು ಸೋಲೆಂದು ಎಣಿಸುವವರು ಸ್ವೀಡನ್ನಿನ ದೀರ್ಘ ಅಧ್ಯಯನವನ್ನು ನೆನೆಯಬೇಕು. 1987ರಲ್ಲಿ ಆರಂಭವಾದ ಅದರಲ್ಲಿ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ಇಳಿದು, ಹತ್ತು ವರ್ಷದ ಕೊನೆಗೆ ಶೇ. 25ರಲ್ಲಿ ನಿಂತಿದ್ದರು; ಬೇರೆ ಕ್ರಮಗಳ ಶಸ್ತ್ರಕ್ಕೆ ಒಳಗಾದವರು ಇನ್ನೂ ಕಡಿಮೆ ಇಳಿತದಲ್ಲಿ ನಿಂತಿದ್ದರು. ಹೀಗೆ ನಿಂತವರನ್ನೂ ತುಸು ಮೇಲೇರಿದವರನ್ನೂ ಕೂಡಿಸಿಯೇ ಲೆಕ್ಕ ಹಾಕಿದಾಗ, ಶಸ್ತ್ರಚಿಕಿತ್ಸೆಯಾಗದ ಸ್ಥೂಲರಿಗಿಂತ ಅವರಲ್ಲಿ ಮರಣ ಕಡಿಮೆಯೆಂದು 2007ರಲ್ಲಿ ಪ್ರಕಟವಾಯಿತು. ಆಯುಷ್ಯವನ್ನು ಬೆಳೆಸಲು ದೇಹಕ್ಕೆ ಅತಿ ಕೆಳಗಿನ ಅಂಕ ಬೇಕಾಗಿರಲಿಲ್ಲ. ಇಳಿದುದರಲ್ಲಿ ಬಹುಪಾಲನ್ನು ಕಾಯ್ದುಕೊಂಡುದೇ ಸಾಕಾಯಿತು.